ಅಪಾಯದ ನೆಲ: ಪಾತ್ರಧಾರಣೆಯ ಆಟಗಳ ಕಾಳಗದಲ್ಲಿ ಮನೆಕಟ್ಟಳೆಗಳು

ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರೂ ಒಂದೊಂದು ಕಲ್ಪಿತ ಪಾತ್ರವನ್ನು ವಹಿಸಿ, ಮಾತಿನಿಂದಲೂ ದಾಳಗಳಿಂದಲೂ ಕಥೆಯನ್ನು ಮುನ್ನಡೆಸುವ ಪಾತ್ರಧಾರಣೆಯ ಆಟಗಳಲ್ಲಿ, ಕಾಳಗ ನಡೆಯುವ ಸ್ಥಳವೇ ಕಾದಾಡುವವರಿಗೆ ಕೇಡನ್ನು ತರುವಂತಿದ್ದರೆ ಅಂಥ ಸ್ಥಳಕ್ಕೆ ಅಪಾಯದ ನೆಲವೆಂದು ಹೆಸರು. ಕುದಿಯುವ ಕೆಸರು, ಹರಿಯುವ ಲಾವಾರಸ, ಉರಿಯುವ ಮಹಡಿ, ಬಿರುಕು ಬಿಡುವ ಮಂಜುಗಡ್ಡೆ, ಪ್ರಪಾತದ ಅಂಚು, ವಿಷವಾಯು ತುಂಬಿದ ಗುಹೆ, ಉಸುಬುನೆಲ ಮೊದಲಾದುವು ಇದರ ಪ್ರಸಿದ್ಧ ರೂಪಗಳು. ನಡಿಗೆಯನ್ನು ನಿಧಾನಗೊಳಿಸುವುದಷ್ಟೇ ಕೆಲಸವಾಗಿರುವ ದುರ್ಗಮ ನೆಲವು ಇದರ ಹತ್ತಿರದ ಬಂಧುವಾದರೂ ಬೇರೆಯದು. ಅಡಗಿಕೊಂಡಿದ್ದು ಒಮ್ಮೆ ಸಿಡಿದು ಮುಗಿದುಹೋಗುವ ಬಲೆಯೂ ಬೇರೆಯದು. ಅಪಾಯದ ನೆಲದ ಲಕ್ಷಣವೆಂದರೆ ಅದು ಎಲ್ಲರ ಕಣ್ಣಿಗೂ ಕಾಣುತ್ತಿದ್ದು, ಕಾಳಗ ಮುಗಿಯುವ ತನಕವೂ ತನ್ನ ಕೆಲಸವನ್ನು ನಡೆಸುತ್ತಲೇ ಇರುವುದು.

ಇಂಥ ನೆಲದ ವಿಷಯದಲ್ಲಿ ಮುದ್ರಿತ ನಿಯಮಪುಸ್ತಕಗಳು ಹೇಳುವುದು ಸ್ವಲ್ಪ. ಆಟದ ಮೇಜಿನಲ್ಲಿ ಏಳುವ ಪ್ರಶ್ನೆಗಳು ಬಹಳ. ಆಟವನ್ನು ನಡೆಸುವ ಸೂತ್ರಧಾರನು ತನ್ನ ಗುಂಪಿನ ಅನುಕೂಲಕ್ಕಾಗಿ ಪುಸ್ತಕದ ನಿಯಮವನ್ನು ತಿದ್ದಿಯೋ, ಅದಕ್ಕೆ ಕೂಡಿಸಿಯೋ, ಅದನ್ನು ಬಿಟ್ಟೋ ಮಾಡಿಕೊಳ್ಳುವ ಏರ್ಪಾಡುಗಳೇ ಮನೆಕಟ್ಟಳೆಗಳು. ಇವು ಸಾಮಾನ್ಯವಾಗಿ ಬಾಯಿಮಾತಿನಲ್ಲಿ ಇಲ್ಲವೆ ಕೈಬರಹದ ಹಾಳೆಯಲ್ಲಿ ಇರತಕ್ಕವು. ಒಂದು ಗುಂಪಿನಲ್ಲಿ ಪ್ರಮಾಣವಾದದ್ದು ಪಕ್ಕದ ಗುಂಪಿನಲ್ಲಿ ಅಪರಿಚಿತವಾಗಿರಬಹುದು. ಹೀಗಿದ್ದರೂ ಬೇರೆಬೇರೆ ಗುಂಪುಗಳು ಒಂದನ್ನೊಂದು ಅರಿಯದೆಯೇ ಒಂದೇ ಬಗೆಯ ಪರಿಹಾರಗಳಿಗೆ ಬಂದು ನಿಂತಿರುವುದನ್ನು ಕಂಡರೆ, ಈ ಕಟ್ಟಳೆಗಳ ಹಿಂದೆ ಕೆಲವು ಸ್ಥಿರವಾದ ಕಾರಣಗಳಿರುವುದು ಸ್ಪಷ್ಟವಾಗುತ್ತದೆ.

ಪೂರ್ವಚರಿತ್ರೆ

ಭಾರತದ ಚತುರಂಗದಿಂದ ಹುಟ್ಟಿ ಪಾರಸಿಕ ಅರಬ್ಬೀ ದೇಶಗಳ ಮೂಲಕ ಯೂರೋಪನ್ನು ಸೇರಿದ ಚದುರಂಗದಾಟದಲ್ಲಿ ಯುದ್ಧವುಂಟು, ನೆಲವಿಲ್ಲ. ಅರುವತ್ತನಾಲ್ಕು ಚೌಕಗಳೂ ಸಮಾನ, ಯಾವ ಚೌಕವೂ ಆನೆಗಾಗಲಿ ಕುದುರೆಗಾಗಲಿ ತೊಡಕಾಗದು. ಈ ಸಮತಲವನ್ನು ಮುರಿದು ನೆಲಕ್ಕೆ ಗುಣಭೇದವನ್ನು ಕಲ್ಪಿಸಿದವರಲ್ಲಿ ಜರ್ಮನಿಯ ಬ್ರೌನ್‌ಷ್ವೈಗಿನ ಯೋಹಾನ್ ಕ್ರಿಸ್ಟಿಯಾನ್ ಲುಡ್ವಿಗ್ ಹೆಲ್‌ವಿಗ್ ಮುಖ್ಯನಾದವನು. ಅವನು 1780ರಲ್ಲಿ ಪ್ರಕಟಿಸಿದ ಯುದ್ಧದ ಆಟವು ಚದುರಂಗದ ಹಾಸನ್ನೇ 1,617 ಚೌಕಗಳವರೆಗೆ ಹಿಗ್ಗಿಸಿ, ಬೆಟ್ಟ, ನೀರು, ಜವುಗು ಇವುಗಳಿಗೆ ಬೇರೆಬೇರೆ ಬಣ್ಣಗಳನ್ನು ಕೊಟ್ಟು, ಯಾವ ಸೇನೆ ಎಲ್ಲಿ ನಡೆಯಬಲ್ಲುದು, ಎಲ್ಲಿ ನಡೆಯಲಾರದು ಎಂಬುದನ್ನು ನಿಯಮಿಸಿತು.

ಪ್ರಷ್ಯದಲ್ಲಿ ಗೆಯೋರ್ಗ್ ಲಿಯೋಪೋಲ್ಡ್ ಫಾನ್ ರೈಸ್‌ವಿಟ್ಸ್ ಎಂಬಾತನು 1812ರಲ್ಲಿ ಅರಸನಾದ ಮೂರನೆಯ ಫ್ರೀಡ್‌ರಿಷ್ ವಿಲ್‌ಹೆಲ್ಮನಿಗೆ ತೋರಿಸಿದ ಆಟದ ಮೇಜಿನಲ್ಲಿ ನೆಲದ ತುಂಡುಗಳನ್ನು ಬೇಕಾದಂತೆ ಜೋಡಿಸಿಕೊಳ್ಳುವ ಅವಕಾಶವಿತ್ತು. ಅವನ ಮಗನು 1824ರಲ್ಲಿ ಹೊರತಂದ ಪರಿಷ್ಕೃತ ರೂಪವು ಚೌಕಗಳನ್ನೇ ಬಿಟ್ಟು 1:8000 ಪ್ರಮಾಣದ ಭೂಪಟವನ್ನು ಹಾಸಿ, ಎರಡು ಪಕ್ಷಗಳ ನಡುವೆ ತೀರ್ಪುಗಾರನೊಬ್ಬನನ್ನು ಕೂರಿಸಿ, ಅವನ ಕೈಗೆ ದಾಳಗಳನ್ನೂ ಕೋಷ್ಟಕಗಳನ್ನೂ ಕೊಟ್ಟಿತು. ಕೋಷ್ಟಕಗಳು ಬೆಳೆಯುತ್ತ ಹೋದಂತೆ ಆಟವು ಜಡವಾಯಿತೆಂಬ ದೂರು ಹುಟ್ಟಿ, 1876ರಲ್ಲಿ ಯೂಲಿಯುಸ್ ಫಾನ್ ವೆರ್ಡಿ ದ್ಯು ವೆರ್ನ್ವಾ ಎಂಬ ಸೇನಾಧಿಕಾರಿಯು ಕೋಷ್ಟಕಗಳನ್ನು ಬದಿಗಿಟ್ಟು, ಅನುಭವಿಯಾದ ತೀರ್ಪುಗಾರನ ವಿವೇಚನೆಯೇ ನಿಯಮವಾಗಲೆಂದು ಪ್ರತಿಪಾದಿಸಿದನು. ಕೋಷ್ಟಕ ಹೆಚ್ಚೋ ವಿವೇಚನೆ ಹೆಚ್ಚೋ ಎಂಬ ಈ ವಿವಾದ ಇಂದಿನ ಮನೆಕಟ್ಟಳೆಗಳ ಚರ್ಚೆಯಲ್ಲಿಯೂ ಮುಗಿದಿಲ್ಲ.

ಅಮೆರಿಕದಲ್ಲಿ ಚಾರ್ಲ್ಸ್ ಟಾಟೆನ್ 1880ರಲ್ಲಿ ಬರೆದ ಸ್ಟ್ರಾಟಗಾಸ್ ಎಂಬ ಗ್ರಂಥವು ಇದೇ ತೀರ್ಪುಗಾರನ ಅಧಿಕಾರವನ್ನು ಎತ್ತಿಹಿಡಿದಿತ್ತು. ಅದನ್ನು ಓದಿದ ಡೇವಿಡ್ ವೆಸ್ಲಿ ಎಂಬ ಮಿನ್ನೆಸೋಟದ ಆಟಗಾರನು 1969ರಲ್ಲಿ ನಡೆಸಿದ ಬ್ರೌನ್‌ಸ್ಟೈನ್ ಎಂಬ ಆಟದಲ್ಲಿ ಆಟಗಾರರು ಸೇನೆಗಳನ್ನು ನಡೆಸುವುದಕ್ಕೆ ಬದಲಾಗಿ ಒಬ್ಬೊಬ್ಬ ವ್ಯಕ್ತಿಯ ಪಾತ್ರವನ್ನು ವಹಿಸಿದರು. ಅವರಲ್ಲಿ ಒಬ್ಬನಾಗಿದ್ದ ಡೇವ್ ಆರ್ನೆಸನ್ ಈ ದಾರಿಯನ್ನು ಮುಂದುವರಿಸಿ ಬ್ಲ್ಯಾಕ್‌ಮೂರ್ ಎಂಬ ಕಲ್ಪಿತ ಸೀಮೆಯನ್ನು ಕಟ್ಟಿದನು. ಅತ್ತ ಗ್ಯಾರಿ ಗೈಗ್ಯಾಕ್ಸ್, ಜೆಫ್ ಪೆರೆನ್ ಎಂಬಿಬ್ಬರು 1971ರಲ್ಲಿ ಚೈನ್‌ಮೇಲ್ ಎಂಬ ಮಧ್ಯಯುಗದ ಯುದ್ಧನಿಯಮಗಳನ್ನು ಪ್ರಕಟಿಸಿದ್ದರು. ಈ ಎರಡು ಧಾರೆಗಳೂ ಕೂಡಿ 1974ರಲ್ಲಿ ಗೈಗ್ಯಾಕ್ಸ್ ಮತ್ತು ಆರ್ನೆಸನ್ ಇವರ ಹೆಸರಿನಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಮೊದಲ ಪಾತ್ರಧಾರಣೆಯ ಆಟವಾಗಿ ಹೊರಬಂದುವು. ಮೂರು ಕಿರುಹೊತ್ತಗೆಗಳ ಆ ಆಟವು, ಕಾಡುಮೇಡುಗಳ ಪ್ರಯಾಣಕ್ಕಾಗಿ ಆವಲಾನ್ ಹಿಲ್ ಸಂಸ್ಥೆಯ ಔಟ್‌ಡೋರ್ ಸರ್ವೈವಲ್ ಎಂಬ ಬೇರೊಂದು ಆಟದ ಹಾಸನ್ನು ತಂದುಕೊಳ್ಳಿರೆಂದು ಹೇಳಿ, ಉಳಿದುದನ್ನು ಆಡುವವರೇ ಕಲ್ಪಿಸಿಕೊಳ್ಳಲೆಂದು ಬಿಟ್ಟಿತು. ಮನೆಕಟ್ಟಳೆಯು ಆಟಕ್ಕೆ ಹೊರಗಿನಿಂದ ಬಂದು ಸೇರಿದ ಸ್ವಾತಂತ್ರ್ಯವಲ್ಲ. ಆಟದೊಂದಿಗೇ ಹುಟ್ಟಿದ ಅಗತ್ಯ.

ಮುದ್ರಿತ ನಿಯಮಗಳ ಬೆಳವಣಿಗೆ

ಆರಂಭದ ಪುಸ್ತಕಗಳಲ್ಲಿ ಅಪಾಯದ ನೆಲವು ನಿಯಮಗಳಿಗಿಂತ ಹೆಚ್ಚಾಗಿ ಸಾಹಸಕಥನಗಳಲ್ಲಿ ಕಾಣಿಸಿಕೊಂಡಿತು. ಲಾರೆನ್ಸ್ ಷಿಕ್ ಬರೆದು 1979ರಲ್ಲಿ ಪ್ರಕಟವಾದ ವೈಟ್ ಪ್ಲೂಮ್ ಮೌಂಟನ್ ಎಂಬ ಸಾಹಸದಲ್ಲಿ, ಕುದಿಯುವ ಕೆಸರಿನ ಮೇಲೆ ಸರಪಣಿಗಳಿಂದ ತೂಗುಬಿಟ್ಟ ಮರದ ಬಿಲ್ಲೆಗಳ ಮೇಲೆ ಜಿಗಿಯುತ್ತ ಸಾಗಬೇಕಾದ ಗುಹೆಯೊಂದುಂಟು. ಕೆಳಗಿನಿಂದ ಬಿಸಿಬುಗ್ಗೆಗಳು ನಿಯತವಾದ ಅಂತರಗಳಲ್ಲಿ ಚಿಮ್ಮುತ್ತಿರುತ್ತವೆ. ಬುಗ್ಗೆಯ ಲಯವನ್ನು ಗಮನಿಸಿದವನಿಗೆ ದಾರಿಯುಂಟು, ಗಮನಿಸದೆ ನುಗ್ಗಿದವನಿಗೆ ಸುಡುಗಾಯವುಂಟು. ಲೆಕ್ಕಕ್ಕೆ ಸಿಕ್ಕುವ ಅಪಾಯವೇ ಆಟಕ್ಕೆ ಯೋಗ್ಯವಾದ ಅಪಾಯವೆಂಬುದಕ್ಕೆ ಆ ಗುಹೆ ಇಂದಿಗೂ ಉದಾಹರಣೆಯಾಗಿ ನಿಂತಿದೆ.

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ 2000ದಲ್ಲಿ ಬಂದ ಮೂರನೆಯ ಆವೃತ್ತಿಯು ಕಾಳಗವನ್ನು ಐದಡಿಯ ಚೌಕಗಳ ಮೇಲೆ ಸ್ಥಿರವಾಗಿ ನೆಲೆಗೊಳಿಸಿ, ಮಂಜುಗಡ್ಡೆ, ಕಲ್ಲುಪುಡಿ, ಇಳಿಜಾರು, ಲಾವಾರಸ ಮೊದಲಾದುವಕ್ಕೆ ಒಂದೊಂದಾಗಿ ಅಂಕಿಗಳನ್ನು ನಿಗದಿಮಾಡಿತು. 2008ರ ನಾಲ್ಕನೆಯ ಆವೃತ್ತಿಯಲ್ಲಿ ಎದುರಾಳಿಯನ್ನು ತಳ್ಳುವುದು, ಸೆಳೆಯುವುದು, ಜಾರಿಸುವುದು ಎಂಬ ಬಲಾತ್ಕಾರದ ಚಲನೆಗಳು ಕಾಳಗದ ಜೀವಾಳವಾದುದರಿಂದ ನೆಲದ ಪಾತ್ರವೂ ಹಿಗ್ಗಿತು. ಹಾನಿಕರವಾದ ನೆಲ ಮಾತ್ರವಲ್ಲದೆ, ಬಲಿಯ ನೆತ್ತರು ಬಿದ್ದ ಬಂಡೆಯ ಮೇಲೆ ನಿಂತವನಿಗೆ ನಿರ್ಣಾಯಕ ಹೊಡೆತದ ಸಂಭವ ಹೆಚ್ಚುವಂಥ ಅದ್ಭುತ ನೆಲಗಳೂ ಸೂತ್ರಧಾರನ ಕೈಪಿಡಿಯಲ್ಲಿ ಸೇರಿದುವು. 2014ರ ಐದನೆಯ ಆವೃತ್ತಿಯು ವಿವರಗಳನ್ನು ಕಡಿಮೆಮಾಡಿ, ಸೂತ್ರಧಾರನು ಆ ಕ್ಷಣದಲ್ಲಿಯೇ ಹಾನಿಯನ್ನು ಅಂದಾಜುಮಾಡಲೆಂದು ಒಂದು ಕಿರುಕೋಷ್ಟಕವನ್ನು ಕೊಟ್ಟಿತು: ಕೆಂಡ ತಗುಲಿದರೆ ಹತ್ತು ಮುಖದ 1 ದಾಳ, ಬೆಂಕಿಯ ಕುಂಡಕ್ಕೆ ಎಡವಿದರೆ 2, ಆಮ್ಲದ ತೊಟ್ಟಿಗೆ ಬಿದ್ದರೆ 4, ಲಾವಾರಸದಲ್ಲಿ ಕಾಲಿಟ್ಟು ನಡೆದರೆ 10, ಅದರಲ್ಲಿ ಮುಳುಗಿದರೆ 18. ಪಾತ್ಫೈಂಡರ್ ಆಟದ 2019ರ ಎರಡನೆಯ ಆವೃತ್ತಿಯು ದುರ್ಗಮ ನೆಲ, ಅತಿದುರ್ಗಮ ನೆಲ, ಅಪಾಯದ ನೆಲ ಎಂಬ ವಿಭಾಗಗಳನ್ನು ಬೇರೆಬೇರೆಯಾಗಿ ಹೆಸರಿಸಿದರೂ, ಅಪಾಯದ ನೆಲದ ಹಾನಿಯ ಪ್ರಮಾಣವನ್ನು ಆಯಾ ಸಂದರ್ಭಕ್ಕೆ ಬಿಟ್ಟಿತು.

ಪಾತ್ರಧಾರಣೆಯ ಆಟಗಳ ಹೊರಗೆ, ಕಿರುಬೊಂಬೆಗಳ ಯುದ್ಧದಾಟವಾದ ವಾರ್‌ಹ್ಯಾಮರಿನ ಹಲವು ಆವೃತ್ತಿಗಳಲ್ಲಿ ಅಪಾಯದ ನೆಲವನ್ನು ಹೊಗುವ ಒಂದೊಂದು ಬೊಂಬೆಗೂ ಆರು ಮುಖದ ದಾಳವನ್ನು ಎಸೆದು, ಒಂದು ಬಿದ್ದರೆ ಗಾಯವೆಂದು ಎಣಿಸುವ ಸರಳಕ್ರಮವಿತ್ತು. ನೆನಪಿಡಲು ಸುಲಭವಾದುದರಿಂದ ಈ ಕ್ರಮವನ್ನು ಪಾತ್ರಧಾರಣೆಯ ಆಟಕ್ಕೆ ಎರವಲು ತಂದ ಗುಂಪುಗಳೂ ಇವೆ.

ಕಟ್ಟಳೆಗಳು ಹುಟ್ಟುವ ಕಾರಣ

ಮುದ್ರಿತ ನಿಯಮವು ಸಾಮಾನ್ಯವಾಗಿ ಎಷ್ಟು ಹಾನಿ ಎಂಬುದನ್ನು ಹೇಳುತ್ತದೆ. ಯಾವಾಗ, ಎಷ್ಟು ಸಲ, ಯಾರಿಗೆ, ತಪ್ಪಿಸಿಕೊಳ್ಳಲು ಏನು ದಾರಿ ಎಂಬ ನಾಲ್ಕು ಪ್ರಶ್ನೆಗಳಿಗೆ ಅದರ ಉತ್ತರ ಅಪೂರ್ಣವಾಗಿರುತ್ತದೆ. ಇದಲ್ಲದೆ ಪಾತ್ರಗಳು ಹಂತದಿಂದ ಹಂತಕ್ಕೆ ಏರಿದಂತೆ ಅವು ತಾಳಬಲ್ಲ ಹಾನಿಯ ಅಳತೆಯಾದ ಪ್ರಾಣಾಂಕವೂ ಹಲವು ಮಡಿ ಬೆಳೆಯುತ್ತಿರಲಾಗಿ, ಮೊದಲ ಹಂತದಲ್ಲಿ ಮಾರಕವಾಗಿದ್ದ ಬೆಂಕಿ ಹತ್ತನೆಯ ಹಂತದಲ್ಲಿ ಬರಿಯ ಕಿರಿಕಿರಿಯಾಗಿ ಉಳಿಯುತ್ತದೆ. ಮೂರನೆಯ ಕಾರಣವೊಂದುಂಟು: ಅತ್ತಿತ್ತ ಕದಲದೆ ಎದುರೆದುರು ನಿಂತು ಸರದಿಯ ಮೇಲೆ ಕತ್ತಿ ಬೀಸುವ ಕಾಳಗವು ಬೇಗನೆ ಬೇಸರ ತರಿಸುವುದರಿಂದ, ಆಟಗಾರರು ನಿಂತಲ್ಲಿ ನಿಲ್ಲದಂತೆ ಮಾಡುವ ಉಪಾಯವನ್ನು ಪ್ರತಿಯೊಬ್ಬ ಸೂತ್ರಧಾರನೂ ಹುಡುಕುತ್ತಿರುತ್ತಾನೆ, ನೆಲಕ್ಕಿಂತ ಒಳ್ಳೆಯ ಉಪಾಯ ಅವನಿಗೆ ದೊರೆಯದು.

ಬೀಳುವಿಕೆ

ಮನೆಕಟ್ಟಳೆಗಳಿಗೆ ಅತ್ಯಂತ ಹೆಚ್ಚಾಗಿ ಗುರಿಯಾದ ಅಪಾಯವೆಂದರೆ ಎತ್ತರದಿಂದ ಬೀಳುವುದು. ಪ್ರತಿ 10 ಅಡಿಗೆ ಆರು ಮುಖದ ಒಂದು ದಾಳದಂತೆ ಗರಿಷ್ಠ 20 ದಾಳಗಳ ಹಾನಿ ಎಂಬ ನಿಯಮವು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ 1978ರ ಆಟಗಾರರ ಕೈಪಿಡಿಯಿಂದ ಮೊದಲ್ಗೊಂಡು, ನಾಲ್ಕನೆಯ ಆವೃತ್ತಿಯನ್ನು ಬಿಟ್ಟರೆ, ಐದನೆಯ ಆವೃತ್ತಿಯ ತನಕವೂ ಸಾರತಃ ಬದಲಾಗದೆ ಬಂದಿದೆ. 20 ದಾಳಗಳ ಸರಾಸರಿ 70, ಗರಿಷ್ಠ 120. ಐದನೆಯ ಆವೃತ್ತಿಯ ಉನ್ನತ ಹಂತದ ಯೋಧನಲ್ಲಿ ಇದಕ್ಕಿಂತ ಹೆಚ್ಚು ಪ್ರಾಣಾಂಕವಿರುವುದರಿಂದ, ಅವನು ಎಂಥ ಬೆಟ್ಟದ ತುದಿಯಿಂದ ಹಾರಿದರೂ ಸಾಯುವುದಿಲ್ಲವೆಂಬುದನ್ನು ಬಲ್ಲವನಾಗಿ ಮೆಟ್ಟಿಲಿಳಿಯುವ ಶ್ರಮವನ್ನು ಬಿಟ್ಟು ಹಾರಿಯೇಬಿಡುತ್ತಾನೆ. ನಿಯಮವು ತಪ್ಪಿಲ್ಲದಿದ್ದರೂ ಅದರಿಂದ ಪ್ರಪಾತದ ಭಯ ಹೋಗುತ್ತದೆ.

ಇದಕ್ಕೆ ಪರಿಹಾರವಾಗಿ ಮೂರು ಬಗೆಯ ಕಟ್ಟಳೆಗಳು ಪ್ರಚಾರದಲ್ಲಿವೆ. ಮೊದಲನೆಯದು ಏರಿಕೆಯ ಲೆಕ್ಕ: ಮೊದಲ ಹತ್ತಡಿಗೆ 1 ದಾಳ, ಎರಡನೆಯದಕ್ಕೆ 2, ಮೂರನೆಯದಕ್ಕೆ 3 ಎಂದು ಕೂಡಿಸುತ್ತ ಹೋದರೆ 30 ಅಡಿಗೆ 6 ದಾಳಗಳೂ 50 ಅಡಿಗೆ 15 ದಾಳಗಳೂ ಆಗಿ, 60 ಅಡಿಯೊಳಗೇ ಇಪ್ಪತ್ತರ ಮಿತಿ ಮುಟ್ಟುತ್ತದೆ; ಮೂಲ ಆಶಯವೇ ಇದಾಗಿತ್ತೆಂಬ ವಾದವು 1980ರ ದಶಕದ ಮೊದಲ ವರ್ಷಗಳಲ್ಲಿಯೇ ಕೇಳಿಬಂದಿತ್ತು. ಎರಡನೆಯದು ದಾಳವನ್ನು ಬದಲಿಸುವುದು: ಆರು ಮುಖದ ಬದಲು ಹತ್ತು ಮುಖದ ದಾಳವನ್ನು ಎಸೆದರೆ ಲೆಕ್ಕದ ಕ್ರಮ ಹಾಗೆಯೇ ಉಳಿದು ಫಲ ಮಾತ್ರ ಕಠಿಣವಾಗುತ್ತದೆ. ಮೂರನೆಯದು ಅಂಕಿಯನ್ನು ಮುಟ್ಟದೆ ಪರಿಣಾಮವನ್ನು ಸೇರಿಸುವುದು: ಇಂತಿಷ್ಟು ಅಡಿಗಿಂತ ಹೆಚ್ಚು ಬಿದ್ದವನ ಕಾಲು ಉಳುಕಿ ಕಾಳಗ ಮುಗಿಯುವವರೆಗೂ ಅವನ ವೇಗ ಅರ್ಧವಾಗುತ್ತದೆ. ಮೂರರಲ್ಲಿ ಕಡೆಯದೇ ಆಟಕ್ಕೆ ಹೆಚ್ಚು ಉಪಕಾರಿ. ಏಕೆಂದರೆ ಪ್ರಾಣಾಂಕದ ನಷ್ಟವನ್ನು ಮಂತ್ರವೊಂದು ಸರಿಪಡಿಸೀತು, ಕಳೆದುಕೊಂಡ ವೇಗವು ಮುಂದಿನ ಪ್ರತಿ ಸರದಿಯಲ್ಲಿಯೂ ಹೊಸ ಯೋಚನೆಗೆ ಎಡೆಮಾಡುತ್ತದೆ.

ಮನೆಕಟ್ಟಳೆಗಳಿಗೆ ಬಿಟ್ಟಿದ್ದ ಇಂಥ ಪ್ರಶ್ನೆಗಳಲ್ಲಿ ಕೆಲವಕ್ಕೆ ಕಾಲಕ್ರಮದಲ್ಲಿ ಮುದ್ರಣದ ಉತ್ತರವೂ ದೊರಕಿತು. ಬೀಳುತ್ತಿರುವವನು ಒಂದು ಸುತ್ತಿನಲ್ಲಿ, ಅಂದರೆ ಎಲ್ಲರ ಸರದಿಯೂ ಒಮ್ಮೆ ಮುಗಿಯುವ ಅವಧಿಯಲ್ಲಿ, ಎಷ್ಟು ದೂರ ಇಳಿಯುತ್ತಾನೆಂಬುದಕ್ಕೆ ಐದನೆಯ ಆವೃತ್ತಿಯ ಪೂರಕ ಗ್ರಂಥವಾದ 2017ರ ಜ್ಯಾನಥಾರನ ಮಾರ್ಗದರ್ಶಿಯು 500 ಅಡಿಯೆಂಬ ಐಚ್ಛಿಕ ಉತ್ತರವನ್ನು ಕೊಟ್ಟಿತು. ನೀರಿಗೆ ಬೀಳುವವನು ಹಾನಿಯನ್ನು ಅರ್ಧಮಾಡಿಕೊಳ್ಳುವ ಬಗೆಯನ್ನೂ, ಇನ್ನೊಬ್ಬನ ಮೇಲೆ ಬಿದ್ದರೆ ಹಾನಿಯನ್ನು ಹಂಚಿಕೊಳ್ಳುವ ಬಗೆಯನ್ನೂ ಇನ್ನೊಂದು ಪೂರಕವಾದ 2020ರ ಟಾಷಾಳ ಗ್ರಂಥವು ಹೇಳಿತು.

ಬೆಂಕಿ ಮತ್ತು ಲಾವಾರಸ

ಬೆಂಕಿಯ ವಿಷಯದಲ್ಲಿ ಪುಸ್ತಕಗಳು ಉರಿಯುತ್ತಿರುವವನ ಗತಿಯನ್ನು ಹೇಳುತ್ತವೆ, ಉರಿಯುತ್ತಿರುವ ಮನೆಯ ಗತಿಯನ್ನು ಹೇಳುವುದು ವಿರಳ. ಐದನೆಯ ಆವೃತ್ತಿಯ 2024ರ ಪರಿಷ್ಕರಣದಲ್ಲಿ, ಬೆಂಕಿ ಹತ್ತಿದವನು ತನ್ನ ಪ್ರತಿ ಸರದಿಯ ಆರಂಭದಲ್ಲಿ ನಾಲ್ಕು ಮುಖದ ಒಂದು ದಾಳದಷ್ಟು ಹಾನಿಯನ್ನು ಅನುಭವಿಸಿ, ನೆಲದ ಮೇಲೆ ಹೊರಳಿ ಅದನ್ನು ಆರಿಸಿಕೊಳ್ಳಬಹುದು. ಬೆಂಕಿ ಹರಡುವ ಬಗೆಯನ್ನು ತಿಳಿಸುವ ಮನೆಕಟ್ಟಳೆಗಳಲ್ಲಿ ಸಾಮಾನ್ಯವಾದುದು, ಸುತ್ತಿನ ಕೊನೆಯಲ್ಲಿ ಸೂತ್ರಧಾರನು ಆರು ಮುಖದ ಒಂದು ದಾಳವನ್ನೆಸೆದು, ಐದು ಅಥವಾ ಆರು ಬಿದ್ದರೆ ಪಕ್ಕದ ಒಂದು ಚೌಕಕ್ಕೆ ಉರಿ ದಾಟಿತೆಂದು ಎಣಿಸುವುದು. ಒಣಹುಲ್ಲಿದ್ದರೆ ನಾಲ್ಕಕ್ಕೂ ದಾಟುವುದು, ಗಾಳಿ ಬೀಸುವ ಕಡೆಗೆ ಎರಡು ಚೌಕ ದಾಟುವುದು ಮುಂತಾದ ಉಪನಿಯಮಗಳನ್ನು ರುಚಿಗೆ ತಕ್ಕಂತೆ ಸೇರಿಸುತ್ತಾರೆ. ಪ್ರತಿ ಉರಿಯುವ ಚೌಕಕ್ಕೂ ಬೇರೆಬೇರೆ ದಾಳವನ್ನೆಸೆಯುವ ಕಟ್ಟಳೆಯು ಕಾಗದದ ಮೇಲೆ ಸೊಗಸಾಗಿ ಕಂಡರೂ, ನಾಲ್ಕನೆಯ ಸುತ್ತಿನ ಹೊತ್ತಿಗೆ ಆಟಗಾರರು ದಾಳಗಳ ಸದ್ದನ್ನಲ್ಲದೆ ಬೇರೇನನ್ನೂ ಕೇಳದಂತಾಗುತ್ತದೆ.

ಲಾವಾರಸವು ನಿಜಾನುಸರಣೆಯ ವಾದಕ್ಕೆ ಪ್ರಿಯವಾದ ರಣರಂಗ. ಮೂರನೆಯ ಆವೃತ್ತಿಯಲ್ಲಿ ಅದರ ಸ್ಪರ್ಶಕ್ಕೆ ಸುತ್ತಿಗೆ ಆರು ಮುಖದ 2 ದಾಳ, ಮುಳುಗಡೆಗೆ 20 ದಾಳ, ಹೊರಬಂದ ಮೇಲೆಯೂ ಒಂದರಿಂದ ಮೂರು ಸುತ್ತುಗಳ ಕಾಲ ಅರ್ಧಹಾನಿ ಎಂದು ನಿಯಮವಿತ್ತು. ಲಾವಾರಸದ ಉಷ್ಣತೆ ಸುಮಾರು 700ರಿಂದ 1,200 ಡಿಗ್ರಿ ಸೆಲ್ಸಿಯಸ್‌ವರೆಗೆ ಇರುವುದರಿಂದ ಅದರ ಸಮೀಪಕ್ಕೆ ಹೋಗುವುದೇ ಮಾರಕವೆಂದೂ, ಅದರ ಸಾಂದ್ರತೆ ಮನುಷ್ಯದೇಹದ ಸಾಂದ್ರತೆಗಿಂತ ಎರಡು ಮಡಿಗೂ ಮಿಗಿಲಾದುದರಿಂದ ಬಿದ್ದವನು ಮುಳುಗಲಾರನೆಂದೂ ಬಲ್ಲ ಆಟಗಾರರು ಆಕ್ಷೇಪಿಸುತ್ತಾರೆ. ಈ ಆಕ್ಷೇಪ ಸತ್ಯವಾದರೂ, ಅದನ್ನು ಅಕ್ಷರಶಃ ಅನುಸರಿಸಿದರೆ ಜ್ವಾಲಾಮುಖಿಯ ಬಾಯಲ್ಲಿ ನಡೆಯುವ ಕಾಳಗವೇ ಅಸಾಧ್ಯವಾಗುತ್ತದೆ. ಹೀಗಾಗಿ ಪ್ರಚಲಿತವಾದ ಮಧ್ಯಮಮಾರ್ಗವೆಂದರೆ, ಲಾವಾರಸದ ಅಂಚಿನ ಚೌಕಗಳಲ್ಲಿ ಅಲ್ಪಹಾನಿ, ಸ್ಪರ್ಶಕ್ಕೆ ಘೋರಹಾನಿ, ಮುಳುಗಡೆಗೆ ಮರಣ ಎಂಬ ಮೂರು ಮೆಟ್ಟಿಲುಗಳನ್ನು ಕಲ್ಪಿಸಿ, ಅದನ್ನು ಕಾಳಗಕ್ಕೆ ಮುಂಚೆಯೇ ಸಾರುವುದು.

ನೀರು, ಮಂಜುಗಡ್ಡೆ, ಕೆಸರು

ಐದನೆಯ ಆವೃತ್ತಿಯಲ್ಲಿ ಒಂದು ಸುತ್ತೆಂದರೆ 6 ಸೆಕೆಂಡು. ಸಾಧಾರಣ ದೇಹಬಲದ ಪಾತ್ರವು ಒಂದು ನಿಮಿಷ, ಅಂದರೆ ಹತ್ತು ಸುತ್ತುಗಳ ಕಾಲ ಉಸಿರು ಬಿಗಿಹಿಡಿಯಬಲ್ಲುದು. ಕಾಳಗಗಳು ಬಹುಮಟ್ಟಿಗೆ ಐದಾರು ಸುತ್ತುಗಳಲ್ಲಿ ಮುಗಿಯುವುದರಿಂದ ಮುಳುಗಿ ಸಾಯುವ ಭಯವು ನಿಯಮದಲ್ಲಿದ್ದೂ ಇಲ್ಲದಂತೆಯೇ ಸರಿ. ನೀರಿನಡಿಯಲ್ಲಿ ಏಟು ತಿಂದ ಪ್ರತಿ ಸಲವೂ, ಮಂತ್ರವನ್ನು ಉಚ್ಚರಿಸಿದ ಪ್ರತಿ ಸಲವೂ ಉಳಿದ ಉಸಿರಿನಿಂದ ಒಂದು ಸುತ್ತನ್ನು ಕಳೆಯಬೇಕೆಂಬ ಕಟ್ಟಳೆಯು ಒಂದೇ ವಾಕ್ಯದಲ್ಲಿ ಈ ಕೊರತೆಯನ್ನು ತುಂಬುತ್ತದೆ.

ಮಂಜುಗಡ್ಡೆಯ ಮೇಲೆ ನಡೆಯುವವನು ಜಾರಿಬೀಳದಂತೆ ಕೌಶಲದ ದಾಳವನ್ನೆಸೆಯಬೇಕೆಂಬುದು ಮುದ್ರಿತ ನಿಯಮ. ಎಲ್ಲರೂ ಪ್ರತಿ ಸರದಿಯಲ್ಲಿಯೂ ಎಸೆದು, ಅರ್ಧ ಜನ ಬಿದ್ದೇಳುತ್ತಿದ್ದರೆ ಕಾಳಗವು ಪ್ರಹಸನವಾಗುವುದರಿಂದ, ಅರ್ಧವೇಗದಲ್ಲಿ ನಡೆದವನಿಗೆ ದಾಳವೇ ಬೇಡ, ಪೂರ್ಣವೇಗದಲ್ಲಿ ಓಡಿದವನಿಗೆ ಮಾತ್ರ ಬೇಕು ಎಂಬ ತಿದ್ದುಪಡಿಯನ್ನು ಅನೇಕರು ಮಾಡಿಕೊಂಡಿದ್ದಾರೆ. ಅದೃಷ್ಟದ ಮೇಲೆ ನಿಂತಿದ್ದ ನಿಯಮವು ಹೀಗೆ ಆಯ್ಕೆಯ ಮೇಲೆ ನಿಲ್ಲುತ್ತದೆ. ತೆಳುವಾದ ಮಂಜುಗಡ್ಡೆಯ ಹತ್ತಡಿ ಚೌಕವು ತಾಳುವ ಭಾರವನ್ನು, ಹತ್ತು ಮುಖದ 3 ದಾಳಗಳ ಮೊತ್ತವನ್ನು ಹತ್ತರಿಂದ ಗುಣಿಸಿ ಪೌಂಡುಗಳಲ್ಲಿ ಎಣಿಸಬೇಕೆಂದು 2014ರ ಕೈಪಿಡಿ ವಿಧಿಸುತ್ತದೆ. ಪ್ರತಿಯೊಬ್ಬನ ಕವಚದ ತೂಕವನ್ನು ಕೂಡಿಸುವ ತೊಂದರೆಯನ್ನು ತಪ್ಪಿಸಲು, ಒಂದು ತುಂಡಿನ ಮೇಲೆ ಇಬ್ಬರು ನಿಂತರೆ ಬಿರುಕು, ಮೂವರು ನಿಂತರೆ ಕುಸಿತ ಎಂದು ಸರಳಗೊಳಿಸಿಕೊಳ್ಳುವುದುಂಟು.

ಉಸುಬುನೆಲದಲ್ಲಿ ಕಾಲಿಟ್ಟವನು ಪ್ರತಿ ಸರದಿಯಲ್ಲಿಯೂ ನಾಲ್ಕು ಮುಖದ ದಾಳ ತೋರಿಸಿದಷ್ಟು ಅಡಿ ಇಳಿಯುತ್ತಾನೆಂದೂ, ಎಷ್ಟು ಆಳ ಇಳಿದನೋ ಅಷ್ಟು ಕಷ್ಟದಿಂದ ಮೇಲೇಳಬೇಕೆಂದೂ ಅದೇ ಕೈಪಿಡಿ ಹೇಳುತ್ತದೆ. ನಿಜವಾದ ಉಸುಬು ಮನುಷ್ಯನಿಗಿಂತ ಸಾಂದ್ರವಾದುದರಿಂದ ಅವನನ್ನು ಸಂಪೂರ್ಣವಾಗಿ ನುಂಗಲಾರದು, ಹಿಡಿದು ನಿಲ್ಲಿಸುತ್ತದೆ ಅಷ್ಟೆ. ಆದರೂ ಮೆಲ್ಲಮೆಲ್ಲನೆ ಆಳಕ್ಕೆ ಸೆಳೆಯುವ ಕೆಸರಿನ ಕಲ್ಪನೆ ಕಥೆಗಳಲ್ಲಿ ಬೇರೂರಿರುವುದರಿಂದ ಇಲ್ಲಿ ನಿಜಾನುಸರಣೆಯನ್ನು ಕೇಳುವವರು ಕಡಿಮೆ. ಕಾಳಗದ ಮಟ್ಟಿಗೆ ಮುಖ್ಯವಾದ ಕಟ್ಟಳೆಯೆಂದರೆ, ಹಗ್ಗವನ್ನೋ ಈಟಿಯನ್ನೋ ಚಾಚಿ ಎಳೆಯುವ ಜೊತೆಗಾರನಿದ್ದರೆ ಕೆಲಸ ಹಗುರವಾಗುವಂತೆ ಏರ್ಪಡಿಸುವುದು. ಒಬ್ಬನ ಸಂಕಟವು ಇಬ್ಬರ ಕೆಲಸವಾದಾಗ ಕೆಸರು ಶಿಕ್ಷೆಯಾಗಿ ಉಳಿಯದೆ ಸನ್ನಿವೇಶವಾಗುತ್ತದೆ.

ಬಲಾತ್ಕಾರದ ಚಲನೆ ಮತ್ತು ಎಣಿಕೆಯ ಪ್ರಶ್ನೆ

ಅಪಾಯದ ನೆಲದ ಕಟ್ಟಳೆಗಳಲ್ಲಿ ಅತ್ಯಂತ ಸೂಕ್ಷ್ಮವಾದ ಭಾಗವಿದು. ಎದುರಾಳಿಯನ್ನು ಪ್ರಪಾತಕ್ಕೆ ತಳ್ಳುವುದು ಒಂದೇ ದಾಳದಿಂದ ಆಗುವುದಾದರೆ, ಗಂಟೆಗಟ್ಟಲೆ ಸಿದ್ಧಪಡಿಸಿದ ಖಳನಾಯಕನು ಮೊದಲ ಸರದಿಯಲ್ಲಿಯೇ ಕಣ್ಮರೆಯಾಗುತ್ತಾನೆ. ಹಾಗೆಯೇ ಆಟಗಾರನ ಪ್ರೀತಿಯ ಪಾತ್ರವೂ. ನಾಲ್ಕನೆಯ ಆವೃತ್ತಿಯು ಇದನ್ನು ಮುಂಗಂಡು, ಅಪಾಯಕ್ಕೆ ತಳ್ಳಲ್ಪಡುವವನಿಗೆ ಇಪ್ಪತ್ತು ಮುಖದ ದಾಳವೊಂದನ್ನು ಎಸೆಯುವ ಅವಕಾಶವನ್ನಿತ್ತು, ಹತ್ತು ಅಥವಾ ಹೆಚ್ಚು ಬಿದ್ದರೆ ಅವನು ಅಂಚಿನಲ್ಲಿಯೇ ಕುಸಿದು ಬಿದ್ದು ಉಳಿಯುವಂತೆ ಮಾಡಿತ್ತು. ಐದನೆಯ ಆವೃತ್ತಿಯಲ್ಲಿ ಇಂಥ ಸಾಮಾನ್ಯ ರಕ್ಷಣೆಯಿಲ್ಲ. ಆದುದರಿಂದ ಹಳೆಯ ಆವೃತ್ತಿಯ ಈ ಅಂಚಿನ ದಾಳವನ್ನು ಹೊಸ ಆವೃತ್ತಿಗೆ ಹೊತ್ತುತರುವುದು ಬಹು ಜನಪ್ರಿಯವಾದ ಮನೆಕಟ್ಟಳೆಯಾಗಿದೆ. ತಳ್ಳಿದವನ ಶ್ರಮ ವ್ಯರ್ಥವಾಗದಂತೆ ಎದುರಾಳಿ ನೆಲಕ್ಕುರುಳುವುದು, ಅಂಚಿಗೆ ತೂಗುಬೀಳುವುದು ಮುಂತಾದ ಅರೆಫಲವನ್ನು ಉಳಿಸಿರುವುದೇ ಅದರ ಗುಣ.

ಎಣಿಕೆಯ ಪ್ರಶ್ನೆ ಇದಕ್ಕೆ ಹೊಂದಿಕೊಂಡದ್ದು. ನೆಲವನ್ನು ಹೊಕ್ಕಾಗ ಹಾನಿಯೋ, ಅಲ್ಲಿ ಸರದಿಯನ್ನು ಆರಂಭಿಸಿದಾಗಲೋ, ಮುಗಿಸಿದಾಗಲೋ? ಹೊಕ್ಕೊಡನೆ ಹಾನಿಯೆಂದರೆ ತಳ್ಳುವವನಿಗೆ ಲಾಭ. ಸರದಿಯ ಆರಂಭದಲ್ಲೆಂದರೆ ಸಿಕ್ಕಿಬಿದ್ದವನನ್ನು ಎಳೆದುಕೊಳ್ಳಲು ಜೊತೆಗಾರರಿಗೆ ಸಮಯ. ಕೊನೆಯಲ್ಲೆಂದರೆ ದಾಟಿ ಓಡುವವನಿಗೆ ಅಭಯ. 2014ರ ಹಲವು ಮಂತ್ರಗಳು ಒಂದು ಸರದಿಯಲ್ಲಿ ಮೊದಲ ಸಲ ಹೊಕ್ಕಾಗ ಎಂಬ ಮಾತನ್ನು ಬಳಸಿದ್ದರಿಂದ, ಶತ್ರುವನ್ನು ಒಬ್ಬೊಬ್ಬರ ಸರದಿಯಲ್ಲಿಯೂ ಒಳಕ್ಕೆ ತಳ್ಳಿ ಹೊರಕ್ಕೆಳೆದು ಒಂದೇ ಸುತ್ತಿನಲ್ಲಿ ಮೂರು ನಾಲ್ಕು ಸಲ ಸುಡುವ ಯುಕ್ತಿಯನ್ನು ಆಟಗಾರರು ಕಂಡುಹಿಡಿದರು. ಮುಳ್ಳುಗಳನ್ನು ಬೆಳೆಯಿಸುವ ಮಂತ್ರವೊಂದು ಪ್ರತಿ ಐದಡಿಯ ಚಲನೆಗೆ ನಾಲ್ಕು ಮುಖದ 2 ದಾಳಗಳ ಹಾನಿಯನ್ನುಂಟುಮಾಡುವುದರಿಂದ, ಶತ್ರುವನ್ನು ಬಿಗಿಹಿಡಿದು ಅದರ ಮೇಲೆ ಎಳೆದಾಡುವ ಉಪಾಯಕ್ಕೆ ಚೀಸ್ ತುರಿಮಣೆಯೆಂಬ ಅಡ್ಡಹೆಸರೇ ಬಿದ್ದಿತು. 20 ಅಡಿ ಎಳೆದರೆ 8 ದಾಳ, ಸರಾಸರಿ 20. ಒಂದು ನೆಲದಿಂದ ಒಬ್ಬನಿಗೆ ಒಂದು ಸುತ್ತಿನಲ್ಲಿ ಒಂದೇ ಸಲ ಹಾನಿ ಎಂಬ ಕಟ್ಟಳೆಯು ಇಂಥ ಯುಕ್ತಿಗಳಿಗೆ ಸಾಮಾನ್ಯವಾದ ಮದ್ದು. 2019ರ ಲ್ಯಾನ್ಸರ್ ಎಂಬ ಯಂತ್ರಯೋಧರ ಆಟವು ಈ ಮಿತಿಯನ್ನು ಮೂಲನಿಯಮದಲ್ಲಿಯೇ ಇಟ್ಟುಕೊಂಡು, ಪರೀಕ್ಷೆಯಲ್ಲಿ ಸೋತವನಿಗೆ ದಾಳವಿಲ್ಲದೆ ನಿಶ್ಚಿತವಾಗಿ 5ರ ಹಾನಿಯನ್ನು ವಿಧಿಸುತ್ತದೆ.

ಚೌಕಳಿಯಿಲ್ಲದ ಆಟಗಳು

ಚೌಕಗಳನ್ನೂ ಅಡಿಗಳನ್ನೂ ಎಣಿಸದ ಆಟಗಳಲ್ಲಿ ಅಪಾಯದ ನೆಲವು ಮಾತಿನ ರೂಪವನ್ನು ತಾಳುತ್ತದೆ. 2013ರ ಫೇಟ್ ಕೋರ್ ಆಟದಲ್ಲಿ ಉರಿಯುವ ಉಗ್ರಾಣ ಎಂಬ ಪದಪುಂಜವನ್ನು ಚೀಟಿಯ ಮೇಲೆ ಬರೆದು ಮೇಜಿನ ನಡುವೆ ಇಟ್ಟರೆ, ಯಾವ ಪಕ್ಷದವರಾದರೂ ತಮ್ಮ ಅನುಕೂಲಕ್ಕೆ ಅದನ್ನು ಆವಾಹಿಸಿ ದಾಳದ ಫಲವನ್ನು ಹೆಚ್ಚಿಸಿಕೊಳ್ಳಬಹುದು. 2017ರ ಬ್ಲೇಡ್ಸ್ ಇನ್ ದ ಡಾರ್ಕ್ ಆಟವು ನಾಲ್ಕು, ಆರು ಅಥವಾ ಎಂಟು ಭಾಗಗಳಾಗಿ ಸೀಳಿದ ವೃತ್ತವೊಂದನ್ನು ಗಡಿಯಾರವೆಂದು ಕರೆದು, ಅಪಾಯ ಬೆಳೆದಂತೆ ಒಂದೊಂದು ಭಾಗವನ್ನು ತುಂಬುತ್ತದೆ. ಏರುತ್ತಿರುವ ನೆರೆ, ಕುಸಿಯುತ್ತಿರುವ ಸೇತುವೆ ಮೊದಲಾದುವಕ್ಕೆ ಈ ಗಡಿಯಾರವು ಅತ್ಯಂತ ತಕ್ಕದ್ದೆಂದು ಕಂಡುಬಂದು, ಚೌಕಳಿಯ ಆಟಗಳ ಸೂತ್ರಧಾರರೂ ಇದನ್ನು ತಮ್ಮ ಮನೆಕಟ್ಟಳೆಗಳಲ್ಲಿ ಸೇರಿಸಿಕೊಂಡಿದ್ದಾರೆ. ಐದನೆಯ ಆವೃತ್ತಿಯ 2014ರ ರೂಪದಲ್ಲಿ ಪ್ರಬಲ ರಾಕ್ಷಸರ ಬೀಡುಗಳು ಪ್ರತಿ ಸುತ್ತಿನ ಸರದಿಕ್ರಮದ ಇಪ್ಪತ್ತನೆಯ ಎಣಿಕೆಯಲ್ಲಿ ತಾವೇ ಒಂದು ಸರದಿಯನ್ನು ಪಡೆಯುತ್ತಿದ್ದ ನಿಯಮವನ್ನು ಅನುಸರಿಸಿ, ಸಾಮಾನ್ಯ ನೆಲಕ್ಕೂ ಅದೇ ಎಣಿಕೆಯಲ್ಲಿ ಸರದಿ ಕೊಡುವ ಪದ್ಧತಿಯೂ ಬಳಕೆಯಲ್ಲಿದೆ. ಇದರಿಂದ ಬುಗ್ಗೆ ಯಾವಾಗ ಚಿಮ್ಮುವುದೆಂಬುದು ಎಲ್ಲರಿಗೂ ಮೊದಲೇ ತಿಳಿದಿರುತ್ತದೆ.

ಕಟ್ಟಳೆಯ ಗುಣದೋಷ

ಮೇಲೆ ಹೇಳಿದ ಉದಾಹರಣೆಗಳಿಂದ ಒಳ್ಳೆಯ ಕಟ್ಟಳೆಯ ಲಕ್ಷಣಗಳನ್ನು ಸಂಗ್ರಹಿಸಬಹುದು. ಅದು ಕಾಳಗಕ್ಕೆ ಮೊದಲೇ ಸಾರಲ್ಪಟ್ಟಿರಬೇಕು. ಅಂಚಿಗೆ ಕಾಲಿಟ್ಟ ಮೇಲೆ ಹೇಳಿದ ನಿಯಮವು ಆಟಗಾರನಿಗೆ ಮೋಸವೆಂದೇ ತೋರುತ್ತದೆ. ಅದು ರಾಕ್ಷಸನಿಗೂ ವೀರನಿಗೂ ಸಮಾನವಾಗಿ ಅನ್ವಯಿಸಬೇಕು. ಬೆಂಕಿಗೆ ಬೆದರದ ಜೀವಿಯನ್ನು ಬೆಂಕಿಯ ನಡುವೆ ನಿಲ್ಲಿಸುವುದು ನ್ಯಾಯವೇ, ಆದರೆ ಆ ಜೀವಿಯನ್ನು ಅಲ್ಲಿಂದ ಹೊರಗೆಳೆಯುವ ದಾರಿಯೂ ಇರಬೇಕು. ಅದರ ನಿರ್ವಹಣೆಗೆ ಒಂದು ಸರದಿಯಲ್ಲಿ ಒಂದಕ್ಕಿಂತ ಹೆಚ್ಚು ಸಲ ದಾಳ ಎಸೆಯಬೇಕಾಗಬಾರದು. ಹಾನಿಯ ಪ್ರಮಾಣವು ಪಾತ್ರಗಳ ಹಂತಕ್ಕೆ ತಕ್ಕಂತಿರಬೇಕು. ಇದಕ್ಕೆ 2014ರ ಕೈಪಿಡಿಯಲ್ಲಿರುವ, ಅಪಾಯದ ತೀವ್ರತೆಗೆ ತಕ್ಕಂತೆ ಮೊದಲ ನಾಲ್ಕು ಹಂತಗಳವರಿಗೆ ಹತ್ತು ಮುಖದ 1, 2, 4 ದಾಳಗಳೂ ಹದಿನೇಳನೆಯ ಹಾಗೂ ಅದಕ್ಕೆ ಮೇಲಿನ ಹಂತಗಳವರಿಗೆ 10, 18, 24 ದಾಳಗಳೂ ಎಂಬ ತಾರತಮ್ಯದ ಪಟ್ಟಿಯು ಸಾಕಷ್ಟು ಆಧಾರವಾಗುತ್ತದೆ. ಮೇಜಿನ ಮೇಲೆ ಅದರ ಎಲ್ಲೆ ಕಣ್ಣಿಗೆ ಕಾಣುವಂತಿರಬೇಕು. ನೂಲು, ಬೆಂಕಿಕಡ್ಡಿ, ಬಣ್ಣದ ಕಾಗದ ಇವುಗಳಲ್ಲಿ ಯಾವುದಾದರೂ ಆದೀತು. 2012ರಿಂದ ಬಳಕೆಗೆ ಬಂದ ರೋಲ್20ಯಂಥ ಗಣಕದ ಮೇಜುಗಳಲ್ಲಿ ಈ ಎಲ್ಲೆಯನ್ನು ಗೆರೆಯೆಳೆದು ತೋರಿಸುವುದು ಇನ್ನೂ ಸುಲಭ.

ನಿಯಮಕ್ಕಿಂತ ತೀರ್ಪೇ ಮೇಲೆಂದು 2008ರಲ್ಲಿ ಮ್ಯಾಥ್ಯೂ ಫಿಂಚ್ ತನ್ನ ಕಿರುಹೊತ್ತಗೆಯೊಂದರಲ್ಲಿ ಹಳೆಯ ಪದ್ಧತಿಯ ಪರವಾಗಿ ವಾದಿಸಿದ್ದುಂಟು; ಆ ಪಕ್ಷದವರು ಇಷ್ಟೆಲ್ಲ ಕಟ್ಟಳೆಗಳನ್ನು ಬರೆದಿಡುವುದೇ ಅನವಶ್ಯಕವೆನ್ನುತ್ತಾರೆ. ತೀರ್ಪು ಒಂದು ಸಲದ್ದಾಗಿರುವ ತನಕ ಆ ಮಾತು ಸರಿ. ಆದರೆ ಅದೇ ಬಗೆಯ ಬೆಂಕಿ ಎರಡನೆಯ ಸಲ ಬಂದಾಗ ಹಿಂದಿನ ತೀರ್ಪನ್ನು ನೆನೆದು ಆಟಗಾರನು ತನ್ನ ಪಾತ್ರದ ಜೀವವನ್ನು ಪಣಕ್ಕೊಡ್ಡುವುದರಿಂದ, ಆಗ ಅದು ತೀರ್ಪಾಗಿ ಉಳಿಯದೆ ಕಟ್ಟಳೆಯಾಗಿಯೇಬಿಡುತ್ತದೆ. ಬರೆದಿಡದಿದ್ದರೆ ಜಗಳಕ್ಕೆ ಕಾರಣವಾಗುತ್ತದೆ. ನಿಜಕ್ಕೆ ಎಷ್ಟು ಹತ್ತಿರವೆಂಬ ಅಳತೆಯೂ, ಎಷ್ಟು ಕಠಿಣವೆಂಬ ಅಳತೆಯೂ ಅಪಾಯದ ನೆಲದ ಕಟ್ಟಳೆಯನ್ನು ತೂಗಲು ಸಾಲವು. ಅದು ಬಂದ ಮೇಲೆ ಆಟಗಾರನ ಮುಂದೆ ಹಿಂದೆ ಇಲ್ಲದಿದ್ದ ಎರಡು ದಾರಿಗಳು ತೆರೆದರೆ ಆ ಕಟ್ಟಳೆಯನ್ನು ಉಳಿಸಿಕೊಳ್ಳಬಹುದು. ಪ್ರಾಣಾಂಕವನ್ನು ಕಳೆದು ಹಾಳೆಯ ಮೇಲೆ ಬರೆದುಕೊಳ್ಳುವ ಕೆಲಸ ಮಾತ್ರ ಹೆಚ್ಚಿದರೆ ಅದನ್ನು ಮುಂದಿನ ಕಾಳಗಕ್ಕೆ ಮುಂಚೆಯೇ ಕೈಬಿಡುವುದು ಲೇಸು.